ಜ್ಯಾಕ್ ಸ್ಕೆಲಿಂಗ್ಟನ್ ಸಿನಿಮಾ ಅಕ್ಟೋಬರ್‌ಗೋ, ಡಿಸೆಂಬರ್‌ಗೋ?

ಸಂಜೆಸಿನಿಮಾ

‘ದಿ ನೈಟ್‌ಮೇರ್ ಬಿಫೋರ್ ಕ್ರಿಸ್‌ಮಸ್’ ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? 1993ರ ಚಿತ್ರ. ಗೊಂಬೆಗಳನ್ನು ಸ್ವಲ್ಪ ಸ್ವಲ್ಪವೇ ಸರಿಸಿ ಫೋಟೊ ತೆಗೆದು ಮಾಡಿದ ಸ್ಟಾಪ್ ಮೋಷನ್ ಆನಿಮೇಷನ್. ಬರೀ 76 ನಿಮಿಷ. ನಿರ್ದೇಶನ ಹೆನ್ರಿ ಸೆಲಿಕ್, ಮೂಲ ಕಥೆ ಮತ್ತು ಪಾತ್ರಗಳು ಟಿಮ್ ಬರ್ಟನ್ ಅವರದು, ಹಾಡು ಮತ್ತು ಸಂಗೀತ ಡ್ಯಾನಿ ಎಲ್ಫ್‌ಮನ್.

ನೋಡದವರಿಗಾಗಿ ಕಥೆ. ಹ್ಯಾಲೋವೀನ್ ಟೌನ್ ಅಂತ ಒಂದು ಊರು. ಅಲ್ಲಿರುವವರೆಲ್ಲ ದೆವ್ವ, ಮಾಟಗಾತಿ, ರಕ್ತಪಿಶಾಚಿಗಳೇ. ಅಕ್ಟೋಬರ್ 31ರ ರಾತ್ರಿ ಜನರನ್ನು ಹೆದರಿಸುವುದು ಅವರ ಕಸುಬು. ಅವರಿಗೆಲ್ಲ ನಾಯಕ ‘ಕುಂಬಳಕಾಯಿ ರಾಜ’ ಜ್ಯಾಕ್ ಸ್ಕೆಲಿಂಗ್ಟನ್, ಪಟ್ಟೆ ಪಟ್ಟೆ ಕೋಟು ಹಾಕಿದ ಉದ್ದನೆಯ ಅಸ್ಥಿಪಂಜರ. ವರ್ಷ ವರ್ಷವೂ ಅದೇ ಕೂಗಾಟ ಮಾಡಿ ಅವನಿಗೆ ಬೇಜಾರು ಬಂದಿದೆ. ಕಾಡಿನಲ್ಲಿ ಅಲೆಯುತ್ತಾ ಹೋದವನಿಗೆ ಒಂದಷ್ಟು ಮರಗಳು ಸಿಗುತ್ತವೆ. ಒಂದೊಂದು ಮರಕ್ಕೂ ಒಂದೊಂದು ಹಬ್ಬದ ಬಾಗಿಲು. ಕ್ರಿಸ್‌ಮಸ್ ಮರದ ಬಾಗಿಲು ತೆಗೆದು ಆ ಊರಿಗೆ ಬೀಳುತ್ತಾನೆ. ಹಿಮ, ದೀಪ, ನಗುವ ಮಕ್ಕಳನ್ನು ನೋಡಿ ಮರುಳಾಗುತ್ತಾನೆ. ಈ ವರ್ಷದ ಕ್ರಿಸ್‌ಮಸ್ ನಾವೇ ಮಾಡೋಣ ಅಂತ ಸಾಂಟಾನನ್ನೇ ಅಪಹರಿಸಿ ತರಿಸುತ್ತಾನೆ. ಮಕ್ಕಳಿಗೆ ಅವನು ಕೊಡುವ ಉಡುಗೊರೆಗಳಲ್ಲಿ ಒಣಗಿದ ಮನುಷ್ಯನ ತಲೆಯೂ ಇದೆ, ಕ್ರಿಸ್‌ಮಸ್ ಮರವನ್ನೇ ನುಂಗುವ ಹಾವೂ ಇದೆ. ಮುಂದಿನದನ್ನು ಊಹಿಸಿಕೊಳ್ಳಿ.

ಈಗ ಪ್ರಶ್ನೆ. ಇದು ಹ್ಯಾಲೋವೀನ್ ಸಿನಿಮಾನೋ, ಕ್ರಿಸ್‌ಮಸ್ ಸಿನಿಮಾನೋ? ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಮಗಳಿಗೆ ಅಕ್ಟೋಬರ್‌ನಲ್ಲೇ ಬೇಕು. ನಮ್ಮ ಮನೆಯವರು ಡಿಸೆಂಬರ್ ರಜೆಗೆ ಇಟ್ಟುಕೊಳ್ಳೋಣ ಅನ್ನುತ್ತಾರೆ. ನೀವಾದರೆ ಯಾವಾಗ ನೋಡುತ್ತೀರಿ? ಕಾರಣ ಸಮೇತ ಹೇಳಿ. ‘ಎರಡೂ’ ಅಂತ ಜಾರಿಕೊಳ್ಳುವಂತಿಲ್ಲ.

ಮೂಳೆಮಾತು

ಇದರಲ್ಲಿ ಚರ್ಚೆಗೆ ಏನಿದೆ ಮೇಡಂ? ನಿರ್ದೇಶಕರೇ ತೀರ್ಪು ಕೊಟ್ಟಾಗಿದೆ. 2015ರಲ್ಲಿ ಕೊಲರಾಡೋದ ಟೆಲ್ಯುರೈಡ್ ಹಾರರ್ ಷೋ ಚಿತ್ರೋತ್ಸವದಲ್ಲಿ ಇದೇ ಪ್ರಶ್ನೆ ಬಂದಾಗ ಸೆಲಿಕ್ ಇದು ಹ್ಯಾಲೋವೀನ್ ಸಿನಿಮಾ ಅಂತಲೇ ಹೇಳಿದರು.

ಅವರ ಮಾತು ಬಿಡಿ, ತೆರೆಯನ್ನೇ ನೋಡಿ. ನಾಯಕ ಹ್ಯಾಲೋವೀನ್ ಊರಿನವನು, ನಾಯಕಿ ಸ್ಯಾಲಿ ಬಟ್ಟೆ ಚೂರು ಹೊಲಿದು ಮಾಡಿದವಳು, ಖಳ ಊಗಿ ಬೂಗಿ ಹುಳ ತುಂಬಿದ ಗೋಣಿಚೀಲ. ಜ್ಯಾಕ್‌ನ ನಾಯಿ ಜೀರೋ ಕೂಡ ಒಂದು ದೆವ್ವವೇ. ಕ್ರಿಸ್‌ಮಸ್ ಊರು ಕಾಣುವುದು ಕೆಲವೇ ನಿಮಿಷ. ಬಿಡುಗಡೆ ಆಗಿದ್ದೂ ಅಕ್ಟೋಬರ್‌ನಲ್ಲಿ. 9ರಂದು ನ್ಯೂಯಾರ್ಕ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ, 29ರಂದು ಅಮೆರಿಕದ ಎಲ್ಲ ಕಡೆ. ಕ್ರಿಸ್‌ಮಸ್ ಸಿನಿಮಾ ಅಂದುಕೊಂಡಿದ್ದರೆ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ವಾರದ ತನಕ ಕಾಯುತ್ತಿದ್ದರು.

ಸಕ್ಕರೆಕಡ್ಡಿ

ಮೂಳೆಮಾತು ಅವರೇ, ನಿರ್ದೇಶಕರ ಮಾತು ಹಿಡಿದುಕೊಂಡಿರಿ, ಸಂಗೀತಗಾರರ ಮಾತು ಯಾಕೆ ಬಿಟ್ಟಿರಿ? ಎಲ್ಫ್‌ಮನ್ ತಮ್ಮ ಪಾಲಿಗೆ ಇದು ಕ್ರಿಸ್‌ಮಸ್ ಸಿನಿಮಾ ಎಂದಿದ್ದಾರೆ. ಅವರೇನು ಹೊರಗಿನವರಲ್ಲ. ಚಿತ್ರಕಥೆ ಬರೆಯುವ ಮೊದಲೇ ಹಾಡುಗಳು ಹುಟ್ಟಿದ್ದವು. ಬರ್ಟನ್ ಕಥೆಯನ್ನು ತುಂಡು ತುಂಡಾಗಿ ಹೇಳುತ್ತಿದ್ದರು, ಇವರು ಹಾಡು ಕಟ್ಟುತ್ತಿದ್ದರು. ಕ್ಯಾರೊಲಿನ್ ಥಾಂಪ್ಸನ್ ಚಿತ್ರಕಥೆ ಬರೆದದ್ದು ಆಮೇಲೆ. ಜ್ಯಾಕ್ ಹಾಡುವ ದನಿಯೂ ಎಲ್ಫ್‌ಮನ್ ಅವರದೇ. ಮಾತಾಡುವ ದನಿ ಮಾತ್ರ ಕ್ರಿಸ್ ಸರಂಡನ್.

ಇನ್ನು ಹುಟ್ಟಿನ ವಿಷಯಕ್ಕೆ ಬರೋಣ. ಬರ್ಟನ್ ಡಿಸ್ನಿಯಲ್ಲಿ ಆನಿಮೇಟರ್ ಆಗಿದ್ದಾಗ, 1982ರಲ್ಲಿ, ಇದನ್ನು ಒಂದು ಪದ್ಯವಾಗಿ ಬರೆದರು. ಆ ಪದ್ಯದ ನಡೆ, ಹೆಸರು ಎರಡೂ 1823ರ ಹಳೆಯ ಕ್ರಿಸ್‌ಮಸ್ ಪದ್ಯವೊಂದನ್ನು ನೆನಪಿಸುತ್ತವೆ. ಅವರಿಗೆ ಸ್ಫೂರ್ತಿ ಯಾವುದು? 1964ರಲ್ಲಿ ಟಿವಿಗೆ ಬಂದ ಕೆಂಪು ಮೂಗಿನ ರುಡಾಲ್ಫ್ ಜಿಂಕೆಯ ಗೊಂಬೆ ಸಿನಿಮಾ, 1966ರಲ್ಲಿ ಬಂದ, ಕ್ರಿಸ್‌ಮಸ್ ಕದಿಯುವ ಗ್ರಿಂಚ್‌ನ ಕಾರ್ಟೂನ್. ಎರಡೂ ಕ್ರಿಸ್‌ಮಸ್‌ನವೇ. ಮಂಜು ಮುಸುಕಿದಾಗ ಜೀರೋ ತನ್ನ ಹೊಳೆಯುವ ಮೂಗಿನಿಂದ, ರುಡಾಲ್ಫ್ ಸಾಂಟಾಗೆ ತೋರಿಸುವ ಹಾಗೆ, ಜ್ಯಾಕ್‌ನ ಹಾರುವ ಬಂಡಿಗೆ ದಾರಿ ತೋರಿಸುವುದು ಸುಮ್ನೆ ಬಂದ ದೃಶ್ಯವಲ್ಲ.

ಕ್ರಿಸ್‌ಮಸ್ ಕಥೆ ಅಂದರೆ ಏನು? ಕ್ರಿಸ್‌ಮಸ್ ಇನ್ನೇನು ಕೈತಪ್ಪಿತು ಅನ್ನುವಾಗ ಯಾರೋ ಅದನ್ನು ಉಳಿಸುತ್ತಾರೆ. ಇಲ್ಲೂ ಅಷ್ಟೇ.

ಖಾರಾಬೂಂದಿ

ಎರಡೂ ಪಕ್ಷದವರಿಗೆ ನಮಸ್ಕಾರ. ನನ್ನ ಪ್ರಕಾರ ಇದು ಟೀ ಶರ್ಟ್ ಸಿನಿಮಾ.

ಕೋಪ ಮಾಡಿಕೊಳ್ಳಬೇಡಿ. ಆವಾಗ ಡಿಸ್ನಿಗೆ ಇದನ್ನು ಕಂಡರೆ ಭಯ. ಮಕ್ಕಳಿಗೆ ಜಾಸ್ತಿ ಕತ್ತಲಾಯಿತು ಅಂತ ತನ್ನ ಹೆಸರಲ್ಲಿ ಬಿಡದೆ ಟಚ್‌ಸ್ಟೋನ್ ಅನ್ನುವ ಇನ್ನೊಂದು ಹೆಸರಲ್ಲಿ ಬಿಟ್ಟಿತು. ಜ್ಯಾಕ್‌ಗೆ ಕಣ್ಣುಗುಡ್ಡೆ ಇಡಿ ಅಂತ ಕಂಪನಿಯವರು ಹೇಳಿದ್ದರಂತೆ, ಸಿನಿಮಾ ಮಾಡಿದವರು ಒಪ್ಪಲಿಲ್ಲ. ಈಗ ನೋಡಿ. 2001ರಿಂದ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನ ದೆವ್ವದ ಬಂಗಲೆಗೆ ಪ್ರತಿ ವರ್ಷ ಈ ಸಿನಿಮಾದ ವೇಷ ಹಾಕುತ್ತಾರೆ. ಹ್ಯಾಲೋವೀನ್‌ಗೆ ಮೊದಲೇ ಶುರು, ಹೊಸ ವರ್ಷದ ತನಕ ಹಾಗೇ ಇರುತ್ತದೆ. 2004ರಲ್ಲಿ ಟೋಕಿಯೊದಲ್ಲೂ ಶುರುವಾಯಿತು. ಒಂದೇ ಅಲಂಕಾರದಲ್ಲಿ ಎರಡು ಹಬ್ಬ ಮುಗಿಯಿತು ಅಂದರೆ ಯಾವ ವ್ಯಾಪಾರಿ ಬೇಡ ಅನ್ನುತ್ತಾನೆ?

ಸಿನಿಮಾವಾಗಿಯೂ ನನಗೆ ತಕರಾರು ಇದೆ. ಸ್ಯಾಲಿ ಇಡೀ ಸಿನಿಮಾದಲ್ಲಿ ಬುದ್ಧಿ ಇರುವ ಒಬ್ಬಳೇ ಒಬ್ಬಳು. ಹೂವೊಂದು ಕ್ರಿಸ್‌ಮಸ್ ಮರವಾಗಿ ಉರಿದುಹೋಗುವುದನ್ನು ಕಂಡು ಇದು ಕೆಟ್ಟದಾಗುತ್ತೆ ಅಂತ ಮೊದಲೇ ಎಚ್ಚರಿಸುತ್ತಾಳೆ. ಜ್ಯಾಕ್ ಕಿವಿಗೇ ಹಾಕಿಕೊಳ್ಳಲ್ಲ. ಕೊನೆಗೆ ಗುಡ್ಡದ ಮೇಲೆ ಎರಡು ಸಾಲು ಹಾಡಿದ ತಕ್ಷಣ ಪ್ರೀತಿ. ಇದ್ಯಾವ ನ್ಯಾಯ?

ಒಂದು ಪಾತ್ರ ಮಾತ್ರ ಇಷ್ಟ: ಎರಡು ಮುಖದ ಮೇಯರ್. ಖುಷಿಗೆ ಒಂದು ಮುಖ, ಗಾಬರಿಗೆ ಒಂದು, ತಲೆ ಗಿರ್ರನೆ ತಿರುಗುತ್ತದೆ. ತಾನು ಬರೀ ಚುನಾಯಿತ ಪ್ರತಿನಿಧಿ, ಒಬ್ಬನೇ ತೀರ್ಮಾನ ಮಾಡಲಾರೆ ಅಂತ ಜ್ಯಾಕ್ ಮನೆ ಮುಂದೆ ಗೋಳಾಡುತ್ತಾನೆ. ಅವನನ್ನು ಎಲ್ಲೋ ನೋಡಿದ್ದೇನೆ ಅನಿಸುತ್ತದೆ.

ಚೌಕಟ್ಟು24

ನಾನು ಬೆಂಗಳೂರಿನಲ್ಲಿ ಆನಿಮೇಷನ್ ಕೆಲಸ ಮಾಡುತ್ತೇನೆ. ನಮ್ಮದು ಕಂಪ್ಯೂಟರ್ ಕೆಲಸ, ಗೊಂಬೆಯದ್ದಲ್ಲ. ಅದಕ್ಕೇ ಇರಬೇಕು, ಈ ಸಿನಿಮಾ ನೋಡುವಾಗ ಕಥೆಗಿಂತ ಕೈಗಳೇ ಕಾಣುತ್ತವೆ.

ಖಾರಾಬೂಂದಿ ಸರ್ ವ್ಯಾಪಾರ ಅಂದರು. ಇರಬಹುದು. ಆದರೆ ಮಾಡಿದವರ ಲೆಕ್ಕವನ್ನೂ ನೋಡಿ. ಒಂದು ಸೆಕೆಂಡಿಗೆ 24 ಚೌಕಟ್ಟು (ಒಂದೊಂದೂ ಒಂದು ಫೋಟೊ), ಅಂದರೆ ಒಂದು ನಿಮಿಷಕ್ಕೆ 1,440. ಆ ಒಂದು ನಿಮಿಷಕ್ಕೆ ಸುಮಾರು ಒಂದು ವಾರದ ಕೆಲಸ. ಇಡೀ ಸಿನಿಮಾಕ್ಕೆ ಸುಮಾರು 1,10,000 ಚೌಕಟ್ಟು. 1991ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರು ಮಾಡಿದರು. ನೂರಕ್ಕೂ ಹೆಚ್ಚು ಜನ, 227 ಗೊಂಬೆ. ಸಂಜೆಸಿನಿಮಾ ಮೇಡಂ, ನಿಮ್ಮ ಮನೆಯಿಂದ ಕೊಲ್ಲಿ ದಾಟಿದರೆ ಅದೇ ಊರು!

ಜ್ಯಾಕ್‌ಗೆ ಸುಮಾರು 400 ತಲೆಗಳಿದ್ದವು. ಒಂದೊಂದು ಅಕ್ಷರಕ್ಕೆ, ಒಂದೊಂದು ಭಾವಕ್ಕೆ ಒಂದೊಂದು ತಲೆ. ಇದು ತೆಗೆದು ಅದು ಸಿಕ್ಕಿಸು, ಫೋಟೊ ತೆಗಿ, ಮತ್ತೆ ತೆಗೆದು ಸಿಕ್ಕಿಸು. ಸ್ಯಾಲಿಗೆ ಈ ಉಪಾಯ ನಡೆಯಲಿಲ್ಲ. ಅವಳಿಗೆ ಉದ್ದ ಕೂದಲು. ಪ್ರತಿ ಸಲ ತಲೆ ಬದಲಿಸಿದರೆ ಕೂದಲು ಅಲುಗಿ ತೆರೆಯ ಮೇಲೆ ಕುಣಿಯುತ್ತದೆ. ಅದಕ್ಕೆ ಅವಳ ತಲೆ ಹಾಗೇ ಬಿಟ್ಟು ಮುಖವಾಡಗಳನ್ನಷ್ಟೇ ಬದಲಿಸಿದರು. ಅವಳ ಮುಖ ಜ್ಯಾಕ್‌ನದ್ದಕ್ಕಿಂತ ಶಾಂತವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ.

ನಿಮ್ಮ ಪ್ರಶ್ನೆಗೆ ಉತ್ತರ ಗೋಡೆಗಳಲ್ಲೂ ಇದೆ. ಹ್ಯಾಲೋವೀನ್ ಊರಿನ ಗೋಡೆ, ನೆಲ, ಬೆಟ್ಟ ಎಲ್ಲವೂ ಗೀರು ಗೀರು. ಶಾಯಿ ಪೆನ್ನಿನಲ್ಲಿ ಅಡ್ಡಗೆರೆ ಉದ್ದಗೆರೆ ಎಳೆದ ಚಿತ್ರದ ಹಾಗೆ ಕಾಣಲಿ ಅಂತ ಸೆಟ್ಟಿನ ಮೇಲೇ ಕೆರೆದರು. ಮನೆಗಳು ಓಲುತ್ತವೆ, ನೆರಳು ಚೂಪು. ಕ್ರಿಸ್‌ಮಸ್ ಊರಿನಲ್ಲಿ ಒಂದೂ ಚೂಪು ಮೂಲೆ ಇಲ್ಲ, ಎಲ್ಲ ಗುಂಡಗೆ, ಬಣ್ಣ ಬಣ್ಣ. ಮನುಷ್ಯರ ಊರು ಇವೆರಡಕ್ಕಿಂತ ಸಪ್ಪೆ, ಬರೀ ನೇರ ಗೆರೆ. ಕ್ಯಾಮೆರಾ ಯಾವ ಊರಲ್ಲಿ ಹೆಚ್ಚು ಹೊತ್ತು ನಿಂತು ನೋಡುತ್ತದೆ? ಗೀರು ಬಿದ್ದ ಊರಲ್ಲಿ. ನನ್ನ ಮತ ಹ್ಯಾಲೋವೀನ್‌ಗೆ.

ಇನ್ನೊಂದು ಮಾತು ಹೇಳದಿದ್ದರೆ ನಿದ್ದೆ ಬರಲ್ಲ. ದೃಶ್ಯ ಪರಿಣಾಮಗಳಿಗೆ ಇದು ಆಸ್ಕರ್ ಅಂತಿಮ ಪಟ್ಟಿಗೆ ಬಂತು. ಗೆದ್ದದ್ದು ‘ಜುರಾಸಿಕ್ ಪಾರ್ಕ್’. ಅದರ ಡೈನೊಸಾರ್‌ಗಳನ್ನೂ ಮೊದಲು ಗೊಂಬೆ ಸರಿಸುವ ವಿಧಾನದಲ್ಲೇ ಮಾಡಬೇಕು ಅಂತಿತ್ತು, ಆಮೇಲೆ ಕಂಪ್ಯೂಟರ್‌ಗೆ ಹೋದರು. ಕೈಯಲ್ಲಿ ಗೊಂಬೆ ಸರಿಸುವ ಕಲೆ ಇಷ್ಟು ಎತ್ತರಕ್ಕೆ ಏರಿದ ವರ್ಷವೇ ಅದಕ್ಕೆ ಎದುರಾಳಿ ಹುಟ್ಟಿತು.

ಮೂಳೆಮಾತು

ಗೋಡೆಯೂ ನಮ್ಮ ಪಕ್ಷ! 👏

ಒಂದು ಸೇರಿಸುತ್ತೇನೆ. ಎಲ್ಲರೂ ‘ಬರ್ಟನ್ ಸಿನಿಮಾ’ ಅನ್ನುತ್ತಾರೆ, ಪೋಸ್ಟರ್ ಮೇಲೂ ಅವರದೇ ಹೆಸರು ದೊಡ್ಡದು. ಆದರೆ ಚಿತ್ರೀಕರಣದ ಹೊತ್ತಿಗೆ ಬರ್ಟನ್ ಬ್ಯಾಟ್‌ಮ್ಯಾನ್ ಸಿನಿಮಾದಲ್ಲಿ ಮುಳುಗಿದ್ದರು. ಸೆಟ್ಟಿಗೆ ಬಂದದ್ದೇ ಅಪರೂಪ. ದಿನದಿನವೂ ಅಲ್ಲಿದ್ದವರು ಸೆಲಿಕ್. ಆಮೇಲೆ 2009ರಲ್ಲಿ ‘ಕೋರಲೈನ್’ ಮಾಡಿದವರೂ ಅವರೇ, ಅದರಲ್ಲಿ ಒಂದು ಮೊಟ್ಟೆಯ ಹಳದಿಯಲ್ಲಿ ಜ್ಯಾಕ್ ಮುಖ ಅಡಗಿಸಿದ್ದಾರೆ. ಹುಡುಕಿ ನೋಡಿ.

ಸಂಜೆಸಿನಿಮಾ

ಚೌಕಟ್ಟು24 ಅವರೇ, ಗೋಡೆ ವಿಷಯ ಗೊತ್ತಿರಲಿಲ್ಲ, ಈ ಸಲ ಅದನ್ನೇ ನೋಡುತ್ತೇನೆ.

ಇಷ್ಟು ಓದಿದ ಮೇಲೆ ನನ್ನದೂ ಹೇಳಿಬಿಡುತ್ತೇನೆ. ನನ್ನ ಮಟ್ಟಿಗೆ ಇದು ನವೆಂಬರ್ ಸಿನಿಮಾ. ಜಾರಿಕೊಳ್ಳುತ್ತಿಲ್ಲ, ಕೇಳಿ.

ಕಥೆ ಶುರುವಾಗುವುದು ಹ್ಯಾಲೋವೀನ್‌ನ ಕೊನೆಯ ಗಳಿಗೆಯಲ್ಲಿ. ಮೊದಲ ಹಾಡು ಮುಗಿಯುವಷ್ಟರಲ್ಲಿ ಹಬ್ಬ ಮುಗಿದಿದೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ, ಮೇಯರ್ ಬಹುಮಾನ ಹಂಚುತ್ತಿದ್ದಾನೆ, ಜ್ಯಾಕ್ ಮೆಲ್ಲಗೆ ಸ್ಮಶಾನದ ಕಡೆ ನಡೆಯುತ್ತಾನೆ. ಅವನ ಮೊದಲ ಹಾಡೇ ಬೇಜಾರಿನದ್ದು. ಮರುದಿನ ಬೆಳಗ್ಗೆಯೇ ಮೇಯರ್ ಮುಂದಿನ ವರ್ಷದ ಹ್ಯಾಲೋವೀನ್ ನಕ್ಷೆ ಹಿಡಿದು ಬಾಗಿಲು ಬಡಿಯುತ್ತಾನೆ. ಮದುವೆ ಮುಗಿದ ಮರುದಿನದ ಛತ್ರ ನೋಡಿದ್ದೀರಲ್ಲ, ಆ ಖಾಲಿತನ. ಅದು ಜ್ಯಾಕ್‌ನ ಕಾಯಿಲೆ. ಅದಕ್ಕೆ ಅವನು ಕಂಡುಕೊಂಡ ಮದ್ದು ಇನ್ನೊಬ್ಬರ ಹಬ್ಬ.

ಆ ಮದ್ದನ್ನು ಅವನು ತಿಳಿದುಕೊಳ್ಳಲು ಒದ್ದಾಡುವ ಭಾಗವೇ ಇಡೀ ಸಿನಿಮಾದಲ್ಲಿ ನನಗೆ ಅಚ್ಚುಮೆಚ್ಚು. ಕ್ರಿಸ್‌ಮಸ್ ಗಾಜಿನ ಚೆಂಡನ್ನು ಪುಡಿ ಮಾಡಿ ಕುದಿಸುತ್ತಾನೆ. ಸೂಕ್ಷ್ಮದರ್ಶಕದಲ್ಲಿ ನೋಡುತ್ತಾನೆ. ಹಲಗೆ ಮೇಲೆ ಸಮೀಕರಣ ಬರೆಯುತ್ತಾನೆ. ಕಾಗದದಲ್ಲಿ ಹಿಮದ ಹರಳು ಕತ್ತರಿಸಲು ಹೋದರೆ ಜೇಡ ಬರುತ್ತದೆ. ಅವನಿಗೆ ಕೆಟ್ಟ ಉದ್ದೇಶವೇ ಇಲ್ಲ, ಅಲ್ವಾ? ಬರೀ ಆಸೆ. ಅರ್ಥ ಆಗದಿದ್ದರೂ ನಾನೇ ಮಾಡಬಲ್ಲೆ ಅನ್ನುವ ಆಸೆ. ಇದು ಅಕ್ಟೋಬರ್ ಉತ್ಸಾಹವೂ ಅಲ್ಲ, ಡಿಸೆಂಬರ್ ಸಂಭ್ರಮವೂ ಅಲ್ಲ. ಎರಡರ ನಡುವೆ ಏನು ಮಾಡಬೇಕು ಅಂತ ತಿಳಿಯದ ದಿನಗಳ ಕಥೆ.

ಬರ್ಟನ್‌ಗೆ ಈ ಯೋಚನೆ ಹೊಳೆದದ್ದೂ ಅಂಥ ದಿನಗಳಲ್ಲೇ. ಅಂಗಡಿಯೊಂದರಲ್ಲಿ ಹ್ಯಾಲೋವೀನ್ ಸಾಮಾನು ಇಳಿಸಿ ಕ್ರಿಸ್‌ಮಸ್ ಸಾಮಾನು ಏರಿಸುತ್ತಿದ್ದುದನ್ನು ಅವರು ನೋಡಿದರು. ಅಸ್ಥಿಪಂಜರದ ಪಕ್ಕದಲ್ಲೇ ಸಾಂಟಾ. ಅವರು ಬೆಳೆದದ್ದು ಬರ್ಬ್ಯಾಂಕ್‌ನಲ್ಲಿ. ಅಲ್ಲಿ ವರ್ಷವಿಡೀ ಬಿಸಿಲು. ಹಬ್ಬದ ಅಲಂಕಾರ ಬಂದಾಗಲಷ್ಟೇ ಊರಿಗೆ ಬೇರೆ ಬಣ್ಣ. ಇಲ್ಲಿ ಬಂದು ನೆಲೆಸಿದ ನಮ್ಮಂಥವರಿಗೆ ಆ ಮಾತು ಚೆನ್ನಾಗಿ ಗೊತ್ತು. ನವೆಂಬರ್ 1ರ ಬೆಳಗ್ಗೆ ಅಂಗಡಿಗೆ ಹೋದರೆ ಕುಂಬಳಕಾಯಿ ಆಕಾರದ ಚಾಕೊಲೇಟ್ ಅರ್ಧ ಬೆಲೆಗೆ ಒಂದು ಕಡೆ, ದೀಪದ ಸರ ಇನ್ನೊಂದು ಕಡೆ.

ನಿವೃತ್ತಮೇಷ್ಟ್ರು

ಮಗನ ಮನೆಗೆ ನ್ಯೂಜೆರ್ಸಿಗೆ ಬಂದಿದ್ದೇನೆ. ಮೊಮ್ಮಕ್ಕಳ ಜೊತೆ ಕೂತು ಈ ಸಿನಿಮಾ ನೋಡಿದೆ. ಹಾಡು ಇಂಗ್ಲಿಷಿನಲ್ಲಿ ವೇಗ ಜಾಸ್ತಿ, ಆದರೂ ಚಿತ್ರ ಅರ್ಥವಾಗುತ್ತದೆ. ನನ್ನ ಸಂಶಯ ಬೇರೆ. ದೆವ್ವದ ಹಬ್ಬಕ್ಕೂ ಕ್ರಿಸ್‌ಮಸ್‌ಗೂ ಹಿಂದೆ ಏನಾದರೂ ನಂಟು ಇತ್ತೇ, ಅಥವಾ ಇದು ಸಿನಿಮಾದವರ ಕಲ್ಪನೆ ಮಾತ್ರವೇ? ಬಲ್ಲವರು ತಿಳಿಸಿ.

ಹಳೇಪುಟ

ಮೇಷ್ಟ್ರೇ, ಒಳ್ಳೆಯ ಪ್ರಶ್ನೆ. ನಂಟು ಇದೆ, ಚೆನ್ನಾಗಿಯೇ ಇದೆ.

ಹ್ಯಾಲೋವೀನ್‌ನ ಹಿಂದೆ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಸಾವಿನ್ ಅನ್ನುವ ಹಳೆಯ ಹಬ್ಬ ಇದೆ. ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಹೊತ್ತು. ಆ ರಾತ್ರಿ ಈ ಲೋಕಕ್ಕೂ ಆ ಲೋಕಕ್ಕೂ ನಡುವಿನ ಬಾಗಿಲು ತೆರೆದಿರುತ್ತದೆ ಅಂತ ನಂಬಿಕೆ. ಐರ್ಲೆಂಡಿನಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದರು. ಅಲ್ಲಿಂದ ವಲಸೆ ಬಂದವರಿಗೆ ಅಮೆರಿಕದಲ್ಲಿ ದೊಡ್ಡ ಕುಂಬಳಕಾಯಿ ಸಿಕ್ಕಿತು, ಕೊರೆಯುವುದು ಸುಲಭವಾಯಿತು.

ಆದರೆ ಇಂಗ್ಲೆಂಡಿನಲ್ಲಿ ದೆವ್ವದ ಕಥೆ ಹೇಳುವ ಕಾಲ ಅಕ್ಟೋಬರ್ ಅಲ್ಲ, ಕ್ರಿಸ್‌ಮಸ್. ಉದ್ದ ರಾತ್ರಿ, ಬೆಂಕಿ ಮುಂದೆ ಇಡೀ ಮನೆಯವರು. ಡಿಕನ್ಸ್ 1843ರಲ್ಲಿ ಬರೆದ ಕ್ರಿಸ್‌ಮಸ್ ಕಥೆಯನ್ನೇ ತೆಗೆದುಕೊಳ್ಳಿ, ಅದರಲ್ಲಿ ಜಿಪುಣ ಸ್ಕ್ರೂಜ್‌ನನ್ನು ಕಾಡುವವರೆಲ್ಲ ದೆವ್ವಗಳೇ. 1970ರ ದಶಕದಲ್ಲಿ ಬಿಬಿಸಿ ಪ್ರತಿ ಕ್ರಿಸ್‌ಮಸ್‌ಗೆ ಒಂದು ದೆವ್ವದ ಕಥೆ ತೋರಿಸುತ್ತಿತ್ತು. ಆಲ್ಪ್ಸ್ ಬೆಟ್ಟಗಳ ಕಡೆ ಇನ್ನೂ ಮಜಾ ಇದೆ. ಆಸ್ಟ್ರಿಯಾದಲ್ಲಿ ಡಿಸೆಂಬರ್ 5ರ ರಾತ್ರಿ ಕ್ರಾಂಪುಸ್ ಬರುತ್ತಾನೆ. ಕೊಂಬು, ರೋಮ, ಉದ್ದ ನಾಲಗೆ. ಒಳ್ಳೆಯ ಮಕ್ಕಳಿಗೆ ಸಂತ ನಿಕೊಲಸ್ ಉಡುಗೊರೆ ಕೊಡುತ್ತಾನೆ, ತುಂಟರಿಗೆ ಇವನ ಬರ್ಚು ಕಡ್ಡಿಯ ಏಟು.

ಹಾಗಾಗಿ ಜ್ಯಾಕ್ ಕ್ರಿಸ್‌ಮಸ್‌ಗೆ ಹೊಸದಾಗಿ ಕತ್ತಲೆ ತಂದವನಲ್ಲ. ಹಳೆಯ ಕ್ರಿಸ್‌ಮಸ್‌ನಲ್ಲಿ ಇದ್ದ ಕತ್ತಲೆಯನ್ನು ಅಮೆರಿಕದ ಅಂಗಡಿಗಳು ಒರೆಸಿ ಹಾಕಿದ್ದವು.

ಕುಡ್ಲಕುಸ್ವಾರ್

ನಾನು ಮಂಗಳೂರಿನ ಕ್ರೈಸ್ತ ಮನೆಯವಳು. ಈಗ ದುಬೈನಲ್ಲಿದ್ದೇನೆ. ಒಂದು ಗಮನಿಸಿದಿರಾ ಮಾರಾಯ್ರೆ, ಈ ಸಿನಿಮಾದ ಕ್ರಿಸ್‌ಮಸ್ ಊರಿನಲ್ಲಿ ಇರುವುದೆಲ್ಲ ಸಾಂಟಾ, ಅವನ ಕುಳ್ಳ ಸಹಾಯಕರಾದ ಎಲ್ಫ್‌ಗಳು, ದೀಪ, ಹಿಮ, ಉಡುಗೊರೆ. ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿ ಇಲ್ಲ, ಬಾಲಯೇಸು ಇಲ್ಲ. ಜ್ಯಾಕ್ ಎಷ್ಟೇ ಪುಸ್ತಕ ಓದಿದರೂ ಕ್ರಿಸ್‌ಮಸ್ ಏನು ಅಂತ ಅವನಿಗೆ ಗೊತ್ತಾಗದೇ ಹೋದದ್ದರಲ್ಲಿ ಆಶ್ಚರ್ಯ ಏನು? ಅವನು ಹೋದ ಊರಿನವರೇ ಅವನಿಗೆ ಹೇಳಲಿಲ್ಲ! ದೂರಲ್ಲ ಇದು. ಸಿನಿಮಾ ನನಗೆ ಭಾರಿ ಇಷ್ಟ. ಆದರೆ ಇದು ನಮ್ಮ ಮನೆಯ ಕ್ರಿಸ್‌ಮಸ್ ಅಲ್ಲ, ಅಂಗಡಿಯ ಕ್ರಿಸ್‌ಮಸ್.

ಚರ್ಚಿನ ಕಡೆಯ ಒಂದೇ ಒಂದು ವಸ್ತು ಬರುವುದು ಜ್ಯಾಕ್ ಸೋತಾಗ. ಮನುಷ್ಯರು ಫಿರಂಗಿ ಹಾರಿಸಿ ಅವನ ಬಂಡಿಯನ್ನು ಉರುಳಿಸುತ್ತಾರೆ. ಅವನು ಬೀಳುವುದು ಸ್ಮಶಾನದ ದೇವದೂತನ ಕಲ್ಲಿನ ತೋಳುಗಳಲ್ಲಿ. ಅಲ್ಲೇ ಮಲಗಿ ತಾನು ಯಾರು ಅಂತ ನೆನಪು ಮಾಡಿಕೊಳ್ಳುತ್ತಾನೆ. ಅದನ್ನು ಬೇಕಂತಲೇ ಇಟ್ಟಿದ್ದಾರೆ ಅಂತ ನನಗೆ ಅನಿಸುತ್ತದೆ.

ಸಂಜೆಸಿನಿಮಾ ಅಕ್ಕ, ನಿಮ್ಮ ನವೆಂಬರ್ ಮಾತಿಗೆ ನನ್ನ ಒಪ್ಪಿಗೆ ಇದೆ, ಕಾರಣ ಬೇರೆ. ನವೆಂಬರ್ 1 ನಮಗೆ ಸಕಲ ಸಂತರ ಹಬ್ಬ. ಹ್ಯಾಲೋವೀನ್ ಅಂದರೆ ಅದರ ಹಿಂದಿನ ರಾತ್ರಿ. ನವೆಂಬರ್ 2 ತೀರಿಕೊಂಡವರ ದಿನ. ಊರಲ್ಲಿದ್ದಾಗ ಮನೆಯವರೆಲ್ಲ ಸಮಾಧಿ ತೊಳೆದು, ಹೂ ಇಟ್ಟು, ಕ್ಯಾಂಡಲ್ ಹಚ್ಚುತ್ತಿದ್ದೆವು. ಅಲ್ಲಿ ಹೆದರಿಕೆ ಅನ್ನುವುದೇ ಇರಲಿಲ್ಲ. ಮಕ್ಕಳು ಸಮಾಧಿಗಳ ನಡುವೆ ಮೇಣ ಉಂಡೆ ಕಟ್ಟುತ್ತಾ ಓಡಾಡುತ್ತಿದ್ದೆವು. ಡಿಸೆಂಬರ್‌ನಲ್ಲಿ ಕುಸ್ವಾರ್‌ಗೆ, ಅಂದರೆ ಕ್ರಿಸ್‌ಮಸ್ ತಿಂಡಿಗಳಿಗೆ, ಹಿಟ್ಟು ಕಲೆಸುವುದು ಆಮೇಲಿನ ಮಾತು. ಸತ್ತವರಿಂದ ಹುಟ್ಟಿನ ಕಡೆಗೆ ಹೋಗುವ ಈ ಎರಡು ತಿಂಗಳು ನಮಗೆ ಒಂದೇ ದಾರಿ.

ಸಕ್ಕರೆಕಡ್ಡಿ

ಚೆನ್ನಾಗಿ ಹೇಳಿದಿರಿ. ಆದರೂ ನನ್ನ ಪಟ್ಟು ಬಿಡಲ್ಲ 🙂 ಕೊನೆಯ ದೃಶ್ಯ ನೋಡಿ. ಸಾಂಟಾ ಬಿಡುಗಡೆಯಾಗಿ, ರಾತ್ರೋರಾತ್ರಿ ಎಲ್ಲ ಸರಿಮಾಡಿ, ಹ್ಯಾಲೋವೀನ್ ಊರಿನ ಮೇಲೆ ಹಾರುತ್ತಾ ಹಿಮ ಸುರಿಸುತ್ತಾನೆ. ಅವನು ಮೇಲಿನಿಂದ ‘ಹ್ಯಾಪಿ ಹ್ಯಾಲೋವೀನ್’ ಅನ್ನುತ್ತಾನೆ, ಜ್ಯಾಕ್ ಕೆಳಗಿನಿಂದ ‘ಮೆರಿ ಕ್ರಿಸ್‌ಮಸ್’ ಅನ್ನುತ್ತಾನೆ. ಕೊನೆಗೆ ಸರಿಯಾಗಿ ಬಂದದ್ದು ಕ್ರಿಸ್‌ಮಸ್.

ಮೂಳೆಮಾತು

ಜ್ಯಾಕ್ ಗೆದ್ದದ್ದು ಕ್ರಿಸ್‌ಮಸ್ ಕೈಬಿಟ್ಟಾಗ. ನಾನು ಕುಂಬಳಕಾಯಿ ರಾಜ ಅಂತ ಸ್ಮಶಾನದಲ್ಲಿ ಕೂಗಿ ಎದ್ದಾಗ. ಮುಂದಿನ ಹ್ಯಾಲೋವೀನ್‌ಗೆ ಹೊಸ ಹೊಸ ಯೋಚನೆ ಬರುತ್ತಿವೆ ಅಂತ ಅವನೇ ಹಾಡುತ್ತಾನೆ. ಮನೆಗೆ ವಾಪಸ್ ಬಂದವನ ಕಥೆ ಇದು. ಮನೆ ಯಾವುದು? ಹ್ಯಾಲೋವೀನ್.

ಖಾರಾಬೂಂದಿ

ಎಲ್ಫ್‌ಮನ್ ಆ ಕಾಲದಲ್ಲಿ ತನ್ನ ರಾಕ್ ಬ್ಯಾಂಡ್ ಬಿಡಬೇಕು ಅಂತ ಒದ್ದಾಡುತ್ತಿದ್ದರಂತೆ, ಜ್ಯಾಕ್‌ನ ಬೇಜಾರು ತನ್ನದೇ ಅಂದುಕೊಂಡು ಹಾಡು ಬರೆದರಂತೆ. ಆಮೇಲೆ 1995ರಲ್ಲಿ ಬ್ಯಾಂಡ್ ನಿಲ್ಲಿಸಿಯೇಬಿಟ್ಟರು. ಕೊನೆಯ ಕಛೇರಿ ಯಾವಾಗ ಗೊತ್ತಾ? ಹ್ಯಾಲೋವೀನ್ ರಾತ್ರಿ! ಅಂದರೆ ಜ್ಯಾಕ್ ವಾಪಸ್ ಬಂದ, ಬರೆದವರು ಬರಲಿಲ್ಲ. ಈ ಒಂದು ವಿಷಯಕ್ಕೆ ಆ ಬೇಜಾರಿನ ಹಾಡನ್ನು ಮಾತ್ರ ಒಪ್ಪುತ್ತೇನೆ. ಮಿಕ್ಕದ್ದು ಟೀ ಶರ್ಟೇ.

ಪುಟ್ಟಿಅಮ್ಮ

ನಿಮ್ಮ ಜಗಳದ ಮಧ್ಯೆ ಒಂದು ಪ್ರಶ್ನೆ. ಮಗಳಿಗೆ ಐದು ವರ್ಷ. ಶಾಲೆಯಲ್ಲಿ ಯಾರೋ ಹೇಳಿದ್ದಾರೆ, ಅಸ್ಥಿಪಂಜರದ ಸಿನಿಮಾ ಬೇಕು ಅಂತ ಹಠ. ರಾತ್ರಿ ಎದ್ದು ಅಳುತ್ತಾಳಾ?

ಸಂಜೆಸಿನಿಮಾ

ಅದು ಮಗುವಿನ ಸ್ವಭಾವದ ಮೇಲೆ ಹೋಗುತ್ತೆ ಅಕ್ಕ. ಅಮೆರಿಕದಲ್ಲಿ ಇದಕ್ಕೆ ಪಿಜಿ ಸರ್ಟಿಫಿಕೇಟ್, ಅಂದರೆ ದೊಡ್ಡವರು ಜೊತೆಗಿರಲಿ ಅಂತ. ಮೊದಲು ಶುರುವಿನ ಹಾಡು ಒಂದನ್ನೇ ತೋರಿಸಿ. ಮಂಚದ ಕೆಳಗಿನ ದೆವ್ವ, ಮೆಟ್ಟಿಲ ಕೆಳಗಿನ ದೆವ್ವ ಎಲ್ಲ ಅದರಲ್ಲೇ ಪರಿಚಯ ಮಾಡಿಕೊಳ್ಳುತ್ತವೆ. ಅದಕ್ಕೆ ನಕ್ಕಳು ಅಂದರೆ ಮುಕ್ಕಾಲು ಸಿನಿಮಾ ಸಲೀಸು.

ಎರಡು ಕಡೆ ಪಕ್ಕದಲ್ಲಿರಿ. ಸ್ಯಾಲಿ ತನ್ನ ಕೈಕಾಲು ಬಿಚ್ಚಿಕೊಂಡು ಮತ್ತೆ ಹೊಲಿದುಕೊಳ್ಳುತ್ತಾಳೆ. ರಕ್ತ ಇಲ್ಲ, ಒಳಗಿರುವುದು ಒಣಗಿದ ಎಲೆ. ಅದನ್ನು ಮೊದಲೇ ಹೇಳಿದರೆ ಸಾಕು. ಇನ್ನೊಂದು ಕೊನೆಯಲ್ಲಿ. ಊಗಿ ಬೂಗಿಯ ಹೊಲಿಗೆ ಬಿಚ್ಚಿ ಒಳಗಿಂದ ಹುಳಗಳು ಸುರಿಯುತ್ತವೆ. ನಮ್ಮ ಮಗಳು ಅಲ್ಲಿ ನನ್ನ ದುಪಟ್ಟಾದೊಳಗೆ ತಲೆ ಹಾಕುತ್ತಾಳೆ, ಆದರೆ ನಿಲ್ಲಿಸಲು ಬಿಡಲ್ಲ.

ಚೌಕಟ್ಟು24

ಹೆದರಿದರೆ ಚಿತ್ರೀಕರಣದ ವಿಡಿಯೊ ತೋರಿಸಿ ಮೇಡಂ. ಊಗಿ ಬೂಗಿ ಗೊಂಬೆಯನ್ನು ಒಬ್ಬರು ಎರಡು ಕೈಯಲ್ಲಿ ಹಿಡಿದು ಹೊಟ್ಟೆ ಸರಿಮಾಡುವುದು ನೋಡಿದ ಮೇಲೆ ಯಾವ ಮಗುವೂ ಅವನಿಗೆ ಹೆದರಲ್ಲ. ನಮ್ಮ ಅಕ್ಕನ ಮಗ ಅದನ್ನು ನೋಡಿ ಅಪ್ಪನ ಫೋನಿನಲ್ಲಿ ತನ್ನ ಪ್ಲಾಸ್ಟಿಕ್ ಡೈನೊಸಾರ್ ನಡೆಸಲು ಶುರು ಮಾಡಿದ. ಈಗ ಫೋನಿನಲ್ಲಿ ಜಾಗ ಇಲ್ಲ ಅಂತ ಭಾವ ನನ್ನನ್ನು ಬೈಯುತ್ತಿದ್ದಾರೆ.